ಪಡುಗಾಳಿ

ಇದ್ದ ಒಂದು ಕ್ಯಾನ್ ಸೀಮೆಎಣ್ಣೆಯನ್ನೂ ಕುಡಿದು ದೋಣಿಯ ಎಂಜಿನ್ ನಡುಗಡಲಲ್ಲಿ ನಿಂತು ಇದು ಎರಡನೆಯ ದಿನ. ಕುಡಿಯುವ ನೀರು ಬೆಳಿಗ್ಗೆಯೇ ತೀರಿತ್ತು. ಹುಟ್ಟು ಹಾಕಿ ಹಾಕಿ ದಾಮುವಿನ ಅಂಗೈ ಸುಲಿದಿತ್ತು. ಆದರೂ ನೀರಿನ ಸೆಳೆತ ದೋಣಿಯನ್ನು ದಡದಿಂದ ದೂರಕ್ಕೇ ಎಳೆಯುತ್ತಿತ್ತು.

ಅಷ್ಟರಲ್ಲಿ ಪಡುಗಾಳಿ ಎದ್ದಿತು. ನೇರ ದಡಕ್ಕೇ ಬೀಸುವ ಗಾಳಿ.

"ಮಾವಾ, ನಿಮ್ ಹಾಯಿ!" ದಾಮು ಕಿರುಚಿದ.

ಜೊತೆಗಿದ್ದ ಸೋದರಮಾವ ತನ್ನ ಹಳೆಯ ಹಾಯಿಯನ್ನು ಮಡಚಿ ಮುಂದಿನ ಹಲಗೆಯ ಕೆಳಗೆ ಇಟ್ಟುಕೊಂಡೇ ಇರುತ್ತಿದ್ದ. ಎಂಜಿನ್ ಇರುವಾಗ ಅದೆಂತಕ್ಕೆ ಎಂದು ದಾಮು ಎಷ್ಟು ಸಲ ನಕ್ಕಿದ್ದನೋ.

"ಇನ್ ನಗಾಡುದಿಲ್ಲೆ ಮಾವ, ನಿಮ್ ಕಾಲ್ ಹಿಡಿತೆ. ಬೇಗ ಕೋಲಿಗೆ ಕಟ್ಟುವ."

ಮುದುಕ ಕುಳಿತಲ್ಲಿಂದ ಅಲುಗಲಿಲ್ಲ. ದಾಮು ತಾನೇ ತೆವಳಿಕೊಂಡು ಹೋಗಿ ಹಲಗೆ ಎತ್ತಿದ. ಕೆಳಗೆ ಹಗ್ಗ ಮಾತ್ರ ಇತ್ತು.

"ಹಾಯಿ ಎಲ್ಲಿತ್ತ್ ಮಾವ?"

ಮಾವ ಗಾಳಿಗೆ ಬೆನ್ನು ತಿರುಗಿಸಿದ.

"ನಿನ್ ಎಂಜಿನಿಗೆ ಎಣ್ಣಿ ಇಲ್ಲೆ ಅಂತ ಮೊನ್ನೆ ಅಳ್ತಿದ್ಯಲೆ ಮಗಾ. ಮೀನ್ ಒಣ್ಗ್ಸುವ ಹೆಂಗ್ಸ್ರಿಗೆ ಹಾಸುಕೆ ಹಾಯಿ ಕೊಟ್ಟೇ ಆ ಕ್ಯಾನ್ ತಂದದ್ದ್."