ಎರಡು ಬೆರಳು

ಗಂಡಸರ ನಡುವೆ ಬಾಯಿ ಬಿಟ್ಟರೆ ದನಿ ಎಲ್ಲಿ ಕೀರಲಾಗಿಬಿಡುವುದೋ ಎಂಬ ಅಳುಕು ಲವೀನಿಯಾಳಿಗೆ. ಅದಕ್ಕೇ ಅವಳು ಒಹಾಯೋದ ಆ ಕಾಲೇಜು ಮೈದಾನದ ಅಂಚಿನಲ್ಲಿ ಕೂತು, ಆಟಗಾರರ ಹರಿದ ಅಂಗಿ ಹೊಲಿಯುತ್ತ, ಸಿಟ್ಟನ್ನೆಲ್ಲ ಸೂಜಿಯ ಮೇಲೆ ತೀರಿಸುತ್ತಿದ್ದಳು. ಈಗ ಅವಳೆದುರಿಗೇ, ಗೆರೆಯ ಒಳಗೆ, ಆಟೊ ಲಿಂಡ್‌ಕ್ವಿಸ್ಟ್ ಬಿದ್ದಿದ್ದ. ಹೆಲ್ಮೆಟ್ ಇಲ್ಲದ ಆ ಕಾಲದಲ್ಲಿ, ತಲೆಗೆ ಬೀಳುವ ಪೆಟ್ಟು ತಡೆಯಲೆಂದು ಅಮೆರಿಕನ್ ಫುಟ್‌ಬಾಲ್ ಹುಡುಗರೆಲ್ಲ ಬೆಳೆಸುತ್ತಿದ್ದ ಉದ್ದ ಕೂದಲು ರಕ್ತದಲ್ಲಿ ಅಂಟಿಕೊಂಡಿತ್ತು.

ಗೆರೆಯಿಂದ ಹೊರಬಂದವನು ಆ ಪಂದ್ಯದಲ್ಲಿ ಮತ್ತೆ ಆಡುವಂತಿಲ್ಲ. ಹಾಗಾಗಿ ಕೋಚ್ ಆಗಿದ್ದ ಅವಳಪ್ಪ ಒಳಗೇ ಹೋಗಿ ಮಂಡಿಯೂರಿದ. ಬೇಸ್‌ಬಾಲ್ ಆಗಲಿ, ಫುಟ್‌ಬಾಲ್ ಆಗಲಿ, ತಲೆಗೆ ಪೆಟ್ಟು ತಿಂದವನಿಗೆ ಅವನು ಕೇಳುತ್ತಿದ್ದುದು ಒಂದೇ ಪ್ರಶ್ನೆ.

“ಎಷ್ಟು ಬೆರಳೋ, ಆಟೊ?”

“ಎರಡು, ಕೋಚ್.”

ಅಪ್ಪನ ಕೈ ಇನ್ನೂ ಕೋಟಿನ ಜೇಬಿನಲ್ಲೇ ಇತ್ತು.

“ನೋಡಿದ್ರೇನ್ರೋ? ಗಟ್ಟಿ ಪಿಂಡ. ಎಬ್ಬಿಸಿ,” ಎಂದ ಅಪ್ಪ.

“ಇವನ ತಲೆಗೇನಾಗತ್ತೆ ಬಿಡಿ ಕೋಚ್, ಗುದ್ದಿದವನ ಗತಿ ನೋಡಿ,” ಎಂದು ಒಬ್ಬ ನಕ್ಕ.

ಆಟೊ ಎದ್ದವನೇ ಎದುರಾಳಿಗಳಿಗೆ ಬೆನ್ನು ಹಾಕಿ, ತೇಲುಗಣ್ಣಿನಲ್ಲಿ ಲವೀನಿಯಾಳ ಕಡೆಗೇ ನಡೆದ. ಅವಳು ಅಂಗಿ ಬಿಸುಟು, ಗೆರೆ ದಾಟಿ ಅವನ ತೋಳು ಹಿಡಿದಳು.

“ಗಂಡಸರ ಆಟದಲ್ಲಿ ನಿಂದೇನಮ್ಮ? ಹೋಗು, ಹೊಲಿಗೆ ನೋಡ್ಕೋ,” ಎಂದ ಅಪ್ಪ.

ದನಿ ಕೀರಲಾಯಿತು. ಆಗಲಿ.

“ಅಪ್ಪಾ, ನೀವು ಎತ್ತೋದು ಯಾವತ್ತೂ ಎರಡೇ ಬೆರಳು. ಅದು ಇವರಿಗೆಲ್ಲ ಬಾಯಿಪಾಠ. ಈಗ ಮೂರು ಎತ್ತಿ ಕೇಳಿ.”