ಬುಟ್ಟಿ ಸೇವಂತಿ

ಸೂಕ್ಷ್ಮದರ್ಶಕದಲ್ಲಿ ಮುಳ್ಳು ಮುಳ್ಳಾದ ಪರಾಗವನ್ನು ನೀಲಕ್ಕ ಮತ್ತೊಮ್ಮೆ ನೋಡಿದಳು. ಶಲವಡಿಯ ಹೊಸ ಬಾವಿಯ ತಳದ, ಆರು ಕೋಟಿ ವರ್ಷ ಹಳೆಯ ಜೇಡಿಮಣ್ಣಿನಲ್ಲಿ ಸಿಕ್ಕದ್ದು. ಸೇವಂತಿಯ ಕುಲವೂ ಅಷ್ಟೇ ಹಳೆಯದೆಂದು ಆಕೆ ತನ್ನ ಸಂಶೋಧನೆಯ ಗುರುಗಳಿಗೆ ಬರೆದಿದ್ದಳು. ಅವರು ಅದನ್ನು ಪೇಪರಿಗೂ ಕೊಟ್ಟಿದ್ದರು.

"ಕೈ ತೊಳಕೊಂಡ ಅಗದೀರಿಲ್ಲೋ, ಅಬ್ದುಲ್‌ಸಾಬ್ರ?" ಎಂದು ನಗುತ್ತ ಕೇಳಿದಳು.

ಬಾವಿ ತೋಡುವ ಅಬ್ದುಲ್‌ಸಾಬನಿಗೆ ಸಿಟ್ಟು ಬಂತು. "ಕೈ ಅಷ್ಟ ಅಲ್ರೀ ಅಕ್ಕಾರ! ಗಂಗವ್ವನ ಪೂಜಿ ಮಾಡದ ಗುದ್ದಲಿ ಹಾಕೂ ಮಗ ನಾನಲ್ಲ. ಆ ಜೇಡಿ ಮ್ಯಾಲ ಬುಟ್ಟಿ ಸೇವಂತಿ ಸುರದ, ಆಮ್ಯಾಲೆ ಅಗದೀನಿ."

ನೀಲಕ್ಕ ಮತ್ತೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ತಾನು ಕಂಡದ್ದು ಹೋದ ತಿಂಗಳ ಪೂಜೆಯ ಹೂವಿನ ಪುಡಿ.

ಹೊರಗೆ ಜೀಪು ನಿಂತಿತು. ಗುರುಗಳು ಊರ ಹಿರಿಯರನ್ನೆಲ್ಲ ಕರೆದುಕೊಂಡೇ ಒಳಗೆ ಬಂದರು. "ಎಲ್ಲಿದ್ದಾಳ ನಮ್ಮ ಹುಡುಗಿ? ಬಗ್ಗು ತಂಗೀ!" ಅವರ ಕೈಯಲ್ಲಿ ಸೇವಂತಿಯ ಮಾಲೆಯಿತ್ತು.

ನೀಲಕ್ಕ ಕುತ್ತಿಗೆ ಬಗ್ಗಿಸಿದಳು.