ಊದಲಾಗದ ಎದೆ

"ಇನ್ನೊಂದು ಸಲ ಊದಿ," ಎಂದು ರಸ್ತೆಯಲ್ಲಿ ಕಾರು ತಡೆದ ಪೊಲೀಸ್ ಅಧಿಕಾರಿ ಕುಡಿತ ಪತ್ತೆಹಚ್ಚುವ ಯಂತ್ರದ ಕೊಳವೆಯನ್ನು ಹಿಟ್ಟಿನ ಗಿರಣಿಯವನ ಬಾಯಿಗೆ ಹಿಡಿದ. ವರ್ಷಗಟ್ಟಲೆ ಹಿಟ್ಟಿನ ಧೂಳು ತುಂಬಿಕೊಂಡ ಎದೆ ಅದು. ಅರ್ಧ ಊದುವಷ್ಟರಲ್ಲಿ ಕೆಮ್ಮು ಒತ್ತರಿಸಿ ಬಂತು. ಯಂತ್ರ ಏನನ್ನೂ ತೋರಿಸಲಿಲ್ಲ. "ಬೇಕಂತಲೇ ಊದ್ತಿಲ್ಲ ನೀವು. ಪರೀಕ್ಷೆಗೆ ಒಪ್ಪಲಿಲ್ಲ ಅಂತ ಕೇಸ್ ಹಾಕ್ತೀನಿ."

ಗಿರಣಿಯವನ ಹೆಂಡತಿ ಕಾರಿನಿಂದ ಇಳಿದು ಬಂದಳು. "ಇವರಿಗೆ ಉಬ್ಬಸ ಇದೆ ಸಾರ್. ಆಸ್ಪತ್ರೆಗೆ ಕರ್ಕೊಂಡು ಹೋಗಿ ರಕ್ತ ಪರೀಕ್ಷೆ ಮಾಡ್ಸಿ. ಹಾಗೆ ಕೇಳೋ ಹಕ್ಕು ನಮಗಿದೆ. ಇವರು ಕುಡಿಯೋದು ಬಿಟ್ಟು ಎರಡು ವರ್ಷ ಆಯ್ತು." ಹಾಗೆಂದವಳೇ ಗಂಡನ ಅಂಗಿಯ ತೋಳನ್ನು ತಾನೇ ಮೇಲಕ್ಕೆ ಮಡಚತೊಡಗಿದಳು.

ಅವನಿಗೆ ಕೇಸು, ಲೈಸೆನ್ಸು ಎಲ್ಲ ಮರೆತೇ ಹೋಯಿತು. ಅವಳಿಗೆ ವಾಸನೆ ಬಾರದಿರಲೆಂದು ಬಾಯಲ್ಲಿಟ್ಟುಕೊಂಡಿದ್ದ ಲವಂಗ ಗಂಟಲನ್ನು ಸುಡುತ್ತಿತ್ತು. "ಬೇಡ ಕಣೆ, ಬಿಟ್ಟುಬಿಡು," ಎಂದ.

"ಯಾಕೆ ಬಿಡಬೇಕು? ತಪ್ಪು ಮಾಡಿದೋರ ಥರ ಯಾಕೆ ನಡುಗ್ತೀರಿ?" ತೋಳು ಮೊಣಕೈವರೆಗೆ ಬಂದಿತ್ತು.

"ಮಧ್ಯಾಹ್ನ ಗೆಳೆಯನ ಮನೇಲಿ..." ಎಂದು ಅವನು ಶುರುಮಾಡಿದ.

ಅಧಿಕಾರಿ ಕೈಯೆತ್ತಿ ತಡೆದ. "ನೋಡಿ, ನೀವೀಗ ಏನೂ ಹೇಳಬೇಕಾಗಿಲ್ಲ. ನೀವು ಹೇಳಿದ್ದು ನಿಮಗೇ ಮುಳುವಾಗಬಹುದು. ಮೊದಲು ವಕೀಲರ ಹತ್ತಿರ ಮಾತಾಡಿ."

"ನಿಮಗಲ್ಲ ಸಾರ್," ಎಂದ ಗಿರಣಿಯವನು, ತಲೆಯೆತ್ತದೆ. "ಇವಳಿಗೆ ಹೇಳ್ತಿದೀನಿ."

ತೋಳು ಮಡಚುತ್ತಿದ್ದ ಬೆರಳುಗಳು ಅಲ್ಲೇ ನಿಂತವು.